ಭಂಡಾರವಲ್ಲದ ಹಳದಿ

ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷ. ಆ ಹೊತ್ತಿಗೆ ನಾನು ನೀರು ಶುದ್ಧೀಕರಣ ಘಟಕದ ಆಪರೇಟರ್‌ಗೆ ಫೋನ್ ಮಾಡಿದ್ದೆ, ಅವನು ಎತ್ತಲಿಲ್ಲ. ಉತ್ತರ ಸಿಗದ ಆ ಕರೆ ಇನ್ನೂ ನನ್ನ ಫೋನಿನಲ್ಲಿದೆ. ಅಳಿಸಲು ಮನಸ್ಸಾಗಿಲ್ಲ.

ಅಂದು ಹುಣ್ಣಿಮೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರುಗಳು ಯರಗಟ್ಟಿ ಕಡೆಯಿಂದ ಒಂದರ ಹಿಂದೆ ಒಂದು ಬರುತ್ತಿದ್ದವು. ನಮ್ಮ ಜೀಪಿನ ಮುಂದಿನ ಟ್ರ್ಯಾಕ್ಟರಿನಲ್ಲಿ ಹೆಂಗಸರು ‘ಉಧೋ ಉಧೋ’ ಎನ್ನುತ್ತಾ ಭಂಡಾರ ತೂರುತ್ತಿದ್ದರು. ಭಂಡಾರವೆಂದರೆ ದೇವಿಯ ಅರಿಶಿನದ ಪುಡಿ. ಹುಣ್ಣಿಮೆ ಬಂತೆಂದರೆ ಆ ರಸ್ತೆ, ಬದಿಯ ಮೈಲಿಗಲ್ಲು, ಬಸ್ಸಿನ ಗಾಜು ಎಲ್ಲವೂ ಹಳದಿ. ಹಾಗಾಗಿ ಘಟಕದ ಬೇಲಿಯ ಬುಡದಲ್ಲಿ ಹಳದಿ ಮಬ್ಬು ಕಂಡಾಗ ನನಗೆ ಏನೂ ಅನಿಸಲಿಲ್ಲ. ಟ್ರ್ಯಾಕ್ಟರಿನವರಿಗೂ ಅನಿಸಲಿಲ್ಲ. ಮುಂದೆ ಹೋದವರು ಯಾರೋ ಧಾರಾಳವಾಗಿ ತೂರಿ ಹೋಗಿದ್ದಾರೆಂದು ಒಬ್ಬ ಮುದುಕಿ ಅದರ ಕಡೆಗೆ ಕೈ ಮುಗಿದಳು. ಟ್ರ್ಯಾಕ್ಟರ್ ನಿಧಾನವಾಯಿತು.

ನಾನು ಜೀಪಿನಿಂದಿಳಿದು ಗೇಟಿನತ್ತ ನಡೆದೆ. ಭಂಡಾರ ಗಾಳಿಗೆ ಮೇಲೆದ್ದು ಚದುರುತ್ತದೆ. ಇದು ಮೇಲೇಳಲಿಲ್ಲ. ನೆಲ ಹಿಡಿದು, ಚರಂಡಿಯ ತಗ್ಗಿಗೆ ಇಳಿದು, ಅಲ್ಲಿಂದ ರಸ್ತೆಯತ್ತ ಬರುತ್ತಿತ್ತು. ಬಣ್ಣದಲ್ಲಿ ಸ್ವಲ್ಪ ಹಸಿರೂ ಇತ್ತು. ಇಷ್ಟನ್ನು ನಾನು ಗಮನಿಸುವ ಹೊತ್ತಿಗೆ ಗಂಟಲಿಗೆ ಕೊಳ್ಳಿ ಇಟ್ಟಂತಾಯಿತು.

ಕ್ಲೋರಿನ್. ನೀರಿನಲ್ಲಿ ಹನಿಯಷ್ಟು ಬೆರೆತರೆ ಊರನ್ನು ಕಾಯುವ ಅನಿಲ. ಸಿಲಿಂಡರಿನಿಂದ ಸೋರಿದರೆ ಊರನ್ನೇ ಮಲಗಿಸಬಲ್ಲದು.

ನಮ್ಮ ಜೀಪಿನ ಚಾಲಕರನ್ನು ನಾನು ಮಾಮಾ ಎಂದೇ ಕರೆಯುತ್ತಿದ್ದೆ. ಹೂಲಿ ಕಡೆಯ ಸಾಬರು, ಬಾಡಿಗೆ ಜೀಪು ಓಡಿಸುವವರು. ನಾನು ಕೆಮ್ಮುತ್ತಾ ಓಡಿ ಬಂದದ್ದನ್ನು ಕಂಡು ಅವರು ಏನೂ ಕೇಳಲಿಲ್ಲ. ನನ್ನನ್ನು ಒಳಗೆ ಎಳೆದುಕೊಂಡು, ಹಾರ್ನ್ ಮೇಲಿಟ್ಟ ಕೈ ತೆಗೆಯದೆ ಟ್ರ್ಯಾಕ್ಟರನ್ನು ಮುಂದಕ್ಕೆ ಅಟ್ಟಿದರು. ಆಮೇಲೆ ಗಾಳಿ ಬರುತ್ತಿದ್ದ ದಿಕ್ಕಿನ ದಿಬ್ಬಕ್ಕೆ ಜೀಪು ಹತ್ತಿಸಿದರು. ಅಲ್ಲಿಂದ ನೋಡಿದಾಗ ಆಪರೇಟರ್ ಕ್ಲೋರಿನ್ ಕೋಣೆಯ ಬಾಗಿಲಿನಿಂದ ಅಂಬೆಗಾಲಿಡುತ್ತಾ ಹೊರಗೆ ಬರುತ್ತಿದ್ದ. ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡಿದ್ದ. ವಾಲ್ವ್ ಮುಚ್ಚಿ ಬಂದಿದ್ದ.

ಮಬ್ಬು ಕರಗಿದ ಮೇಲೆ ಅವನನ್ನು ಜೀಪಿಗೆ ಹಾಕಿಕೊಂಡೆವು. ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳಿದ. “ಗುಂಡಿ ಖಾಲಿ ಇತ್ರಿ ಸಾಹೇಬ್ರ. ಸುಣ್ಣದ ಗುಂಡಿ ಖಾಲಿ ಇತ್ರಿ.”

ಆ ಗುಂಡಿಯ ವಿಷಯ ಹೇಳಬೇಕು. ಕ್ಲೋರಿನ್ ಕೋಣೆಯ ಪಕ್ಕ ಒಂದು ಸಿಮೆಂಟಿನ ಗುಂಡಿ ಇರುತ್ತದೆ. ಅದರಲ್ಲಿ ಸದಾ ಸುಣ್ಣದ ನೀರು ತುಂಬಿರಬೇಕು. ಸಿಲಿಂಡರ್ ಸೋರಿದರೆ ಅದನ್ನು ಉರುಳಿಸಿ ಅದರೊಳಗೆ ಬೀಳಿಸಬೇಕು, ಸುಣ್ಣ ಅನಿಲವನ್ನು ಹೀರಿಕೊಳ್ಳುತ್ತದೆ. ಗುಂಡಿ ತುಂಬಿದ್ದರೆ ಅವನು ಒಳಗೆ ಹೋಗಿ ಕೈಯಿಂದ ವಾಲ್ವ್ ತಿರುಗಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ನಾನು ಗ್ರಾಮೀಣ ಕುಡಿಯುವ ನೀರಿನ ಉಪವಿಭಾಗದಲ್ಲಿ ಸಹಾಯಕ ಎಂಜಿನಿಯರ್. ಬೈಲಹೊಂಗಲದಲ್ಲಿ ಮನೆ, ಸವದತ್ತಿಯಲ್ಲಿ ಆಫೀಸು. ಘಟಕ ಕಟ್ಟಿದ್ದು ಇಲಾಖೆ, ನಡೆಸುವುದು ಗುತ್ತಿಗೆ ಪಡೆದ ಒಂದು ಖಾಸಗಿ ಕಂಪನಿ. ಮಾಹಿತಿ ಹಕ್ಕಿನ ಅರ್ಜಿಗಳಿಗೆ ಉತ್ತರ ಕೊಡುವ ಅಧಿಕಾರಿಯೂ ನಾನೇ. ಯಾರಿಗೂ ಬೇಡವಾದ ಹೊಣೆ, ಎಲ್ಲರಿಗಿಂತ ಕಿರಿಯನ ತಲೆಗೆ ಬಂದಿತ್ತು.

ಮರುದಿನ ಕಂಪನಿಯ ಮ್ಯಾನೇಜರ್ ಇಲಾಖೆಗೆ ಕಳಿಸಿದ ಉತ್ತರ ಓದಿ ನಾನು ಎರಡು ಸಲ ಕನ್ನಡಕ ಒರೆಸಿಕೊಂಡೆ. ಘಟಕದಲ್ಲಿ ಯಾವ ಸೋರಿಕೆಯೂ ಆಗಿಲ್ಲ, ಹುಣ್ಣಿಮೆಯ ಭಕ್ತರು ತೂರಿದ ಭಂಡಾರ ಗಾಳಿಗೆ ಆವರಣದೊಳಗೆಲ್ಲ ಬಿದ್ದಿದೆ, ಸಾರ್ವಜನಿಕರು ಅದನ್ನೇ ಅನಿಲವೆಂದು ತಿಳಿದಿದ್ದಾರೆ, ಆಪರೇಟರ್‌ಗೆ ಮೊದಲಿನಿಂದಲೂ ದಮ್ಮಿನ ಕಾಯಿಲೆ ಇದೆ, ಪುಡಿಯಿಂದ ಅದು ಹೆಚ್ಚಾಗಿದೆ ಎಂದು ಬರೆದಿದ್ದ. ನಾನು ಮೊದಲು ಏನನ್ನು ನಂಬಿದ್ದೆನೋ ಅದನ್ನೇ ಅವನು ಬರೆದಿದ್ದ. ನನಗೆ ಹೆದರಿಕೆ ಹುಟ್ಟಿಸಿದ್ದು ಅದು. ಆ ಒಂದು ಕ್ಷಣ ನನ್ನ ಕಣ್ಣಿಗೂ ಅದು ಭಂಡಾರವೇ ಆಗಿತ್ತೆಂದು ಅವನಿಗೆ ಯಾರು ಹೇಳಿದರು?

ಜೀಪಿನಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ಮಾಮಾ.

ಸ್ಥಳ ಪರಿಶೀಲನೆಗೆಂದು ಅದೇ ವಾರ ಹೋದೆ. ಗೇಟು ತೆರೆದಿತ್ತು, ಅಂಗಳ ತೊಳೆದಿತ್ತು. ಅನಿಲ ತಡೆಯುವ ಮುಖವಾಡಗಳು ಪ್ಲಾಸ್ಟಿಕ್ ಚೀಲ ಬಿಚ್ಚದೆ ಗೋಡೆಯ ಮೇಲೆ ತೂಗುತ್ತಿದ್ದವು. ಗುಂಡಿಯ ತುಂಬ ಸುಣ್ಣ. ನಾನು ಬರುವುದು ಅವರಿಗೆ ಮೊದಲೇ ಗೊತ್ತಿತ್ತು. ವಾಪಸು ಬರುವಾಗ ಮಾಮಾನ ಫೋನು ಎರಡು ಸಲ ರಿಂಗಾಯಿತು. ಅವರು ಎತ್ತಲಿಲ್ಲ. ಎತ್ತದಿದ್ದುದೂ ನನಗೆ ಸಂಶಯಕ್ಕೆ ಕಾರಣವಾಯಿತು.

ಆ ದಿನಗಳಲ್ಲಿ ನನಗೆ ನಿದ್ರೆ ಇರಲಿಲ್ಲ. ಮಲಗಿದರೆ ಮೂಗು ಎಚ್ಚರವಾಗಿರುತ್ತಿತ್ತು. ಹೆಂಡತಿ ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ನಾನು ಎದ್ದು ಕಿಟಕಿ ಬಾಗಿಲು ತೆರೆಯುತ್ತಿದ್ದೆ. ಕೊನೆಗೆ ಮನೆಯಲ್ಲಿ ಆ ಪುಡಿ ಬೇಡವೆಂದೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬರುವುದು ನಸುಕಿನಲ್ಲಿ. ಮೊದಲು ಅವಳು ನನ್ನನ್ನು ಎಬ್ಬಿಸಬೇಕಿತ್ತು. ಈಗ ನೀರು ಬರುವ ಮೊದಲೇ ನಾನು ಕೊಡ ಸಾಲಾಗಿಟ್ಟುಕೊಂಡು ಕುಂತಿರುತ್ತಿದ್ದೆ.

ಅಷ್ಟರಲ್ಲಿ ಆಪರೇಟರ್‌ನ ಹೆಂಡತಿ ಅರ್ಜಿ ಹಿಡಿದುಕೊಂಡು ಬಂದಳು. ರಾಮದುರ್ಗದ ಕಡೆಯವಳು, ಅಂಗನವಾಡಿಯಲ್ಲಿ ಸಹಾಯಕಿ. ಗಂಡ ಬೆಳಗಾವಿಯ ಆಸ್ಪತ್ರೆಯಲ್ಲಿದ್ದ. ಅನಿಲ ಸೋರಿತ್ತೆಂದು ಕಂಪನಿ ಒಪ್ಪಿದರೆ ಮಾತ್ರ ಅದು ಕೆಲಸದಲ್ಲಾದ ಗಾಯವಾಗುತ್ತಿತ್ತು, ಆಗ ಚಿಕಿತ್ಸೆಯ ಹೊಣೆ ಕಂಪನಿಯದು. ಒಪ್ಪದಿದ್ದರೆ ಅವನು ದಮ್ಮಿನ ರೋಗಿ, ಅಷ್ಟೇ. ಕಂಪನಿ ಅವನನ್ನು ಕೆಲಸದಿಂದ ತೆಗೆಯುವ ಮಾತನ್ನೂ ಆಡಿತ್ತು.

“ಸರ್ರ, ನಂದು ಬ್ಯಾರೆ ಏನೂ ಕೇಳಾಣಿಲ್ಲ,” ಎಂದಳು. “ಆ ದಿನಾ ಗ್ಯಾಸ್ ಸೋರಿತ್ತೋ ಇಲ್ಲೋ, ಅದನ್ನ ಬರದು ಕೊಡ್ರಿ. ನೀವು ಅಲ್ಲೇ ಇದ್ರೆಲ್ಲಾ.”

“ನಾ ಇದ್ದದ್ದು ಬ್ಯಾರೆ ಅಕ್ಕಾರ. ಕಾಗದದಾಗ ಇದ್ದದ್ದನ್ನ ನಾ ಕೊಡಬೇಕು.”

“ಹಂಗಾರ ನೀವು ಕಾಗದದಾಗ ಇರಲಿಲ್ಲೇನ್ರಿ?”

ನಾನು ಅರ್ಜಿಯ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿದೆ. ಅವಳ ಮೇಲೂ ನನಗೆ ಸಂಶಯವಿತ್ತು. ಇಷ್ಟು ಚೆನ್ನಾಗಿ ಅರ್ಜಿ ಬರೆದುಕೊಟ್ಟವರು ಯಾರು, ಗುತ್ತಿಗೆ ಸಿಗದ ಬೇರೆ ಕಂಪನಿಯವರೇ ಎಂದು ಯೋಚಿಸುತ್ತಿದ್ದೆ.

ಅರ್ಜಿಯನ್ನು ಕಂಪನಿಗೆ ಕಳಿಸಿ ವಿವರ ಕೇಳಿದೆ. ಉತ್ತರ ಬೇಗ ಬಂತು: ನಾವು ಖಾಸಗಿ ಸಂಸ್ಥೆ, ಮಾಹಿತಿ ಹಕ್ಕು ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. ಆ ಕಾಗದ ಹಿಡಿದು ಬೆಳಗಾವಿಯಲ್ಲಿದ್ದ ಮೇಲಧಿಕಾರಿಯ ಬಳಿಗೆ ಹೋದೆ. ಅವರು ಒಳ್ಳೆಯವರೇ. ಚಹಾ ತರಿಸಿದರು.

“ಅವರು ಬರದದ್ದನ್ನ ಹಂಗs ಇಳಿಸಿ ಆಕಿಗೆ ಕಳಿಸಿಬಿಡು ತಮ್ಮಾ,” ಎಂದರು. “ಮಾಹಿತಿ ನಮ್ಮ ಕಡೆ ಲಭ್ಯ ಇಲ್ಲ, ಅಂದ್ರ ಮುಗೀತು.”

“ಸರ್, ಘಟಕ ನಮ್ಮದು. ನೀರು ನಮ್ಮದು. ಕುಡಿಯಾವ್ರು ನಮ್ಮ ಮಂದಿ.”

“ಗುತ್ತಿಗಿ ಅವರದು.” ಅವರು ಬಿಸ್ಕೀಟು ಚಹಾದಲ್ಲಿ ಅದ್ದಿದರು. “ಮತ್ತ ಒಂದು ಮಾತು. ನೀ ಉತ್ತರಾ ಕೊಡಾವ. ಸಾಕ್ಷಿ ಹೇಳಾವ ಅಲ್ಲ. ಎರಡೂ ದೋಣ್ಯಾಗ ಕಾಲಿಡಬ್ಯಾಡ. ದಿನಾ ಸಂಜಿಕ ಯಾವ ಬಸ್ಸಿಗೆ ಹೋಗತಿ ನೀ?”

ಕೊನೆಯ ಪ್ರಶ್ನೆಯನ್ನು ಅವರು ಯಾಕೆ ಕೇಳಿದರೋ ಇವತ್ತಿಗೂ ಗೊತ್ತಿಲ್ಲ. ಕಾಳಜಿಯಿಂದಲೇ ಕೇಳಿರಬಹುದು. ಆದರೆ ಅಂದಿನಿಂದ ನಾನು ದಿನಕ್ಕೊಂದು ಬಸ್ಸು ಬದಲಿಸತೊಡಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಗಡ್ಡದವನು ಎರಡು ದಿನ ಕಂಡ. ಅವನು ನನ್ನನ್ನು ನೋಡುತ್ತಿದ್ದನೋ, ನಾನು ಅವನನ್ನು ನೋಡುತ್ತಿದ್ದೆನೆಂದು ಅವನು ನೋಡುತ್ತಿದ್ದನೋ.

ಮೇಲಧಿಕಾರಿ ಹೇಳಿದ ಉತ್ತರವನ್ನು ಟೈಪ್ ಮಾಡಿಸಿದೆ. ಸಹಿ ಮಾತ್ರ ಹಾಕಲಾಗಲಿಲ್ಲ. ಅದು ಟೇಬಲಿನ ಮೇಲೆ ಪೇಪರ್‌ವೇಟಿನ ಕೆಳಗೆ ಕುಂತಿತು. ಕಾಯ್ದೆಯ ಪುಸ್ತಕವನ್ನು ಮತ್ತೆ ಓದಿದೆ. ಕಂಪನಿಯನ್ನು ಕಾಯ್ದೆಯ ಕೆಳಗೆ ತರಬೇಕಾದರೆ ಆಯೋಗದವರೆಗೆ ಹೋಗಬೇಕು, ಅಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಎಷ್ಟೋ ಹುಣ್ಣಿಮೆ ಬಂದು ಹೋಗುತ್ತವೆ, ಅದೇ ಕೋಣೆ, ಅದೇ ಸಿಲಿಂಡರು, ಬೇಲಿಯ ಹೊರಗೆ ಅದೇ ಟ್ರ್ಯಾಕ್ಟರುಗಳು.

ಹಾಗೆ ಓದುವಾಗಲೇ ಎರಡನೆಯ ಕಲಮಿನಲ್ಲಿ ಕಣ್ಣು ನಿಂತಿತು. ಮೊದಲೂ ಓದಿದ್ದೆ, ಪರೀಕ್ಷೆಗೆ ಓದಿದಂತೆ ಓದಿದ್ದೆ. ಮಾಹಿತಿ ಹಕ್ಕೆಂದರೆ ಕಾಗದದ ನಕಲು ಪಡೆಯುವುದಷ್ಟೇ ಅಲ್ಲ. ಕೆಲಸವನ್ನು ಕಣ್ಣಾರೆ ನೋಡುವ ಹಕ್ಕು, ಸಾಮಗ್ರಿಯ ಮಾದರಿ ತೆಗೆದುಕೊಳ್ಳುವ ಹಕ್ಕು ಕೂಡ ಅದರಲ್ಲೇ ಇದೆ. ಕಂಪನಿಯ ಕಾಗದ ಕಂಪನಿಯದಿರಬಹುದು. ಗುಂಡಿ ಇಲಾಖೆಯದು. ಅದನ್ನು ನೋಡುತ್ತೇನೆಂದು ಪ್ರಜೆ ಕೇಳಿದರೆ ಗೇಟು ಮುಚ್ಚುವ ಅಧಿಕಾರ ಕಂಪನಿಗೆ ಎಲ್ಲಿಂದ ಬಂತು?

ಅರ್ಜಿದಾರರಿಗೆ ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯವೆಂದು ಅದೇ ಕಾಯ್ದೆ ಹೇಳುತ್ತದೆ. ಆಪರೇಟರ್‌ನ ಹೆಂಡತಿಯನ್ನು ಕರೆಸಿ ಹೇಳಿದೆ. “ಅಕ್ಕಾರ, ಕಾಗದ ಕೇಳಬ್ಯಾಡ್ರಿ. ನೋಡತೇನಿ ಅಂತ ಕೇಳ್ರಿ.”

ಅವಳು ನನ್ನನ್ನೇ ನೋಡಿದಳು. “ನೀವು ಯಾರ ಕಡೆಯವರ್ರಿ ಸರ್ರ? ಖರೇ ಹೇಳ್ರಿ. ನನ್ನ ಎಲ್ಲೆರ ಸಿಗಸಾಕ ಹತ್ತೀರೇನ?”

ಅವಳಿಗೂ ನನ್ನ ಮೇಲೆ ಸಂಶಯ. ಅದನ್ನು ಕೇಳಿ ಯಾಕೋ ನನಗೆ ಹಗುರವಾಯಿತು. ಅರ್ಜಿ ಬರೆದುಕೊಟ್ಟವರು ಯಾರೆಂದು ಆಗಲೇ ಕೇಳಿದೆ.

“ನಾನs ಬರದೇನ್ರಿ. ಬಿಎ ಆಗೇತಿ. ಅಂಗನವಾಡ್ಯಾಗ ಅಡಗಿ ಮಾಡಾಕಿಗೆ ಬರಿಯಾಕ ಬರಾಂಗಿಲ್ಲ ಅಂತ ತಿಳದಿದ್ರೇನು?”

ಹೊಸ ಅರ್ಜಿಯನ್ನು ಅಲ್ಲೇ ಬರೆದು ಕೊಟ್ಟಳು. ನಾನು ಪರಿಶೀಲನೆಗೆ ಅನುಮತಿ ಕೊಟ್ಟು ಆದೇಶ ಮಾಡಿದೆ. ಟೇಬಲಿನ ಮೇಲಿದ್ದ ಹಳೆಯ ಉತ್ತರವನ್ನು ಹರಿದೆ.

ಹೊರಡುವ ಮುಂಚೆ ರೂಢಿಯಂತೆ ವಾರದ ಪ್ರವಾಸದ ವಿವರವನ್ನು ಫೋನಿನ ಗುಂಪಿಗೆ ಹಾಕಲು ಬೆರಳು ಹೋಯಿತು. ನಮ್ಮಲ್ಲಿ ಯಾವ ದಿನ ಯಾವ ಘಟಕಕ್ಕೆ ಹೋಗುತ್ತೇವೆಂದು ಸೋಮವಾರವೇ ಗುಂಪಿಗೆ ಹಾಕುವುದು ವಾಡಿಕೆ. ಆ ಗುಂಪಿನಲ್ಲಿ ಯಾರು ಯಾರಿದ್ದಾರೆಂದು ಅಂದು ಮೊದಲ ಸಲ ಕೆಳಗಿನವರೆಗೆ ನೋಡಿದೆ. ಕಂಪನಿಯ ಮ್ಯಾನೇಜರ್ ಇದ್ದ. ಗುತ್ತಿಗೆಯ ಮೊದಲ ದಿನದಿಂದಲೂ ಇದ್ದ. ಸೋರಿಕೆಯ ದಿನ ದಿಬ್ಬದ ಮೇಲಿನಿಂದ ನಾನೇ ಆ ಗುಂಪಿಗೆ ಬರೆದಿದ್ದೆ: ‘ಭಂಡಾರ ಅಂತ ತಿಳಿದಿದ್ದೆ. ಕ್ಲೋರಿನ್ ಇರಬೇಕು. ಎಲ್ಲರೂ ದೂರ ಇರಿ.’ ಕೆಮ್ಮಿನ ನಡುವೆ ಬರೆದದ್ದು, ಮರೆತೇಬಿಟ್ಟಿದ್ದೆ. ಅವನಿಗೆ ಕತೆ ಕೊಟ್ಟವನು ನಾನೇ. ಈ ಸಲ ಪ್ರವಾಸದ ವಿವರ ಹಾಕದೆ ಫೋನು ಕಿಸೆಗಿಟ್ಟೆ.

ಜೀಪಿನಲ್ಲಿ ಕುಂತ ಮೇಲೆ ಮಾಮಾ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. “ಇವತ್ತ ಎಲ್ಲಿಗೆ ಅಂತ ಹೇಳವಲ್ರಿ ಸಾಹೇಬ್ರ. ನನ್ನ ಮ್ಯಾಲ ಸಂಶೇ ಐತೇನ್ರಿ?”

“ಇತ್ತು ಮಾಮಾ. ಈಗ ಇಲ್ಲ.”

“ಇತ್ತು ಅಂತ ನನಗೂ ಗೊತ್ತಿತ್ತರಿ. ಊಟಕ್ಕ ನಿಂತಾಗ ಫೋನ್ ಕಿಸೇದಾಗ ಇಟಗೋತಿದ್ರಿ, ಮೊದ್ಲೆಲ್ಲಾ ಸೀಟಿನ ಮ್ಯಾಲs ಬಿಡತಿದ್ರಿ.” ಗೇರು ಹಾಕಿದರು. “ನಿಮ್ಮ ತಪ್ಪಲ್ಲ ಬಿಡ್ರಿ. ಅಂಥಾ ಹವಾ ಕುಡದ ಮ್ಯಾಲ ನಾನೂ ನಮ್ಮ ಮನ್ಯಾಕಿನ್ನ ಸಿಲಿಂಡರ್ ಬಂದ್ ಮಾಡಿಯೇನ ಅಂತ ದಿನಾ ಹತ್ತ ಸಲಾ ಕೇಳಾಕ ಹತ್ತೇನಿ. ಬೈಸಿಕೋತೇನಿ.”

ದಾರಿಯಲ್ಲಿ ಆಪರೇಟರ್‌ನ ಹೆಂಡತಿಯನ್ನು ಹತ್ತಿಸಿಕೊಂಡೆವು. ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲ. ಆದೇಶವನ್ನು ತೋರಿಸಿದೆ. ಮ್ಯಾನೇಜರ್ ಹೊರಗೆ ಬಂದ. ದೂರದ ನಗರದಿಂದ ಬಂದು ಇಲ್ಲಿ ಕೆಲಸಕ್ಕಿದ್ದವನು, ನಯವಾಗಿ ಮಾತಾಡುತ್ತಿದ್ದ.

“ಸರ್, ಮೊದಲೇ ಹೇಳಿದ್ದರೆ ಊಟದ ವ್ಯವಸ್ಥೆ ಮಾಡುತ್ತಿದ್ದೆ,” ಎಂದ. ಆಮೇಲೆ ಅವಳ ಕಡೆ ನೋಡಿ, “ಇವರು ಹೊರಗಿನವರು, ಸುರಕ್ಷತೆ ದೃಷ್ಟಿಯಿಂದ...”

“ಸುರಕ್ಷತಾ ನೋಡಾಕs ಬಂದೇನ್ರಿ,” ಎಂದಳು ಅವಳು.

ಒಳಗೆ ಹೋದೆವು. ಕ್ಲೋರಿನ್ ಕೋಣೆಯ ಮುಂದೆ ನನ್ನ ಕಾಲು ನಿಂತಿತು. ಬಾಗಿಲು ತೆರೆದಿತ್ತು, ಯಾವ ವಾಸನೆಯೂ ಇರಲಿಲ್ಲ, ಆದರೂ ಉಸಿರು ಹಿಡಿದುಕೊಂಡೆ. ಯಾರಿಗೂ ಕಾಣದಂತೆ ಬೇಲಿಯ ಆಚೆಯ ದಿಬ್ಬವನ್ನು ಒಮ್ಮೆ ನೋಡಿಕೊಂಡೆ. ಮಾಮಾ ಜೀಪಿನ ಮೂತಿಯನ್ನು ಅತ್ತಲೇ ತಿರುಗಿಸಿ ನಿಲ್ಲಿಸಿ, ನಮ್ಮ ಹಿಂದೆಯೇ ಒಳಗೆ ಬಂದಿದ್ದರು.

ಗುಂಡಿಯ ಬಳಿ ಪಂಚನಾಮೆಯ ಹಾಳೆ ತೆಗೆದು, ಮೊದಲು ಮ್ಯಾನೇಜರ್‌ನ ಹೇಳಿಕೆಯನ್ನೇ ಬರೆದುಕೊಳ್ಳುತ್ತೇನೆಂದೆ. ಅವನು ಉತ್ಸಾಹದಿಂದ ಹೇಳಿದ. ಆ ದಿನವೂ ಗುಂಡಿ ತುಂಬಿತ್ತು. ಅದೇ ಸುಣ್ಣ ಈಗಲೂ ಇದೆ, ಮುಟ್ಟಿಲ್ಲ. ಭಂಡಾರ ಮಾತ್ರ ಎಲ್ಲೆಂದರಲ್ಲಿ ಬಿದ್ದಿತ್ತು, ಗುಂಡಿಯ ಮೇಲೂ ಹಳದಿ ಪದರ ಕಟ್ಟಿತ್ತು. ನಾನು ಒಂದಕ್ಷರ ಬಿಡದೆ ಬರೆದು, ಓದಿ ಹೇಳಿ, ಸಹಿ ಮಾಡಿಸಿದೆ.

ಅವಳು ಗುಂಡಿಯಲ್ಲಿ ಬಗ್ಗಿ ನೋಡುತ್ತಿದ್ದಳು. ಬಿಳಿ ಸುಣ್ಣ. ನಗು ಬಂತು ಅವಳಿಗೆ. “ಹಂಗಾರ ಇದು ಕೆಂಪ ಯಾಕ ಆಗಿಲ್ರಿ ಸಾಹೇಬ್ರ?”

ಮ್ಯಾನೇಜರ್‌ಗೆ ಅರ್ಥವಾಗಲಿಲ್ಲ. ನನಗೂ ಮಾಮಾನಿಗೂ ಆಯಿತು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪು. ನಮ್ಮ ಕಡೆ ಮದುಮಕ್ಕಳಿಗೆ, ಬಾಣಂತಿಗೆ ಎತ್ತುವ ಆರತಿಯ ನೀರು ಕೆಂಪಾಗುವುದು ಹಾಗೆಯೇ. ಮಾದರಿಗೆಂದು ತಂದಿದ್ದ ಗಾಜಿನ ಬಟ್ಟಲಿಗೆ ನಾನು ಗುಂಡಿಯಿಂದ ಒಂದು ಸೌಟು ಸುಣ್ಣ ಹಾಕಿದೆ. ಅವಳು ತನ್ನ ಸೆರಗಿನ ಗಂಟಿನಲ್ಲಿದ್ದ ಭಂಡಾರದಿಂದ ಒಂದು ಚಿಟಿಕೆ ಉದುರಿಸಿದಳು. ಬಟ್ಟಲು ರಕ್ತದ ಹಾಗೆ ಕೆಂಪಾಯಿತು.

ಮ್ಯಾನೇಜರ್‌ನ ಮುಖ ನೋಡುವಂತಿತ್ತು. “ಅದು... ಸರ್, ಹಳೆಯ ಸುಣ್ಣ ಇಲ್ಲ ಇದು. ಆಮೇಲೆ ಹೊಸದು ಹಾಕಿಸಿದ್ದೇವೆ.”

“ಯಾವುದರ ಆಮೇಲೆ?”

“ಸೋರಿಕೆ ಆದ...” ಎಂದವನು ನಿಲ್ಲಿಸಿದ.

ಮೊದಲ ಹೇಳಿಕೆಯ ಕೆಳಗೆ ಎರಡನೆಯದನ್ನೂ ಬರೆದೆ, ಅರ್ಧಕ್ಕೆ ನಿಂತ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿದೆ. ಅದಕ್ಕೆ ಅವನು ಸಹಿ ಹಾಕಲಿಲ್ಲ. ಹಾಕಲಿಲ್ಲವೆಂದೂ ಬರೆದೆ. ಸುಣ್ಣದಲ್ಲಿ ಬಿದ್ದ ಅರಿಶಿನದ ಕೆಂಪು ಹೆಚ್ಚು ದಿನ ನಿಲ್ಲುವುದಿಲ್ಲ, ಬಿಸಿಲಿಗೆ ಮಾಸುತ್ತದೆ ಎಂದು ಆಮೇಲೆ ನನ್ನ ಜೊತೆ ಓದಿದ ರಸಾಯನಶಾಸ್ತ್ರದ ಅಧ್ಯಾಪಕನೊಬ್ಬ ಹೇಳಿದ. ಮ್ಯಾನೇಜರ್ ಹಾಗೆಂದಿದ್ದರೆ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ. ಅವನಿಗೆ ಅದು ಗೊತ್ತಿರಲಿಲ್ಲ, ನಮ್ಮ ಬರುವಿಕೆಯೂ ಗೊತ್ತಿರಲಿಲ್ಲ.

ಪಂಚನಾಮೆಯ ಕೊನೆಯಲ್ಲಿ ಸಾಕ್ಷಿಗಳ ಜಾಗ ಬಂತು. ಮಾಮಾ ಸಹಿ ಮಾಡಿದರು. ಪೆನ್ನು ನನ್ನ ಕೈಯಲ್ಲಿ ಸ್ವಲ್ಪ ಹೊತ್ತು ಇತ್ತು. ಎರಡು ದೋಣಿಯ ಮಾತು ನೆನಪಾಯಿತು. ಆಮೇಲೆ ಬರೆದೆ: ‘ಸೋರಿಕೆಯಾದ ದಿನ ನಾನು ಗೇಟಿನ ಬಳಿ ಇದ್ದೆ. ಮೊದಲು ಭಂಡಾರವೆಂದು ತಿಳಿದೆ. ಅದು ಭಂಡಾರವಾಗಿರಲಿಲ್ಲ.’

ಅದರ ಫಲ ಬಂದದ್ದು ಮರುವಾರ. ನನ್ನನ್ನು ಮಾಹಿತಿ ಅಧಿಕಾರಿಯ ಹೊಣೆಯಿಂದ ತೆಗೆದು ಕಿತ್ತೂರಿನ ಕಡೆಯ ಪೈಪ್‌ಲೈನ್ ಕೆಲಸಕ್ಕೆ ಹಾಕಿದರು. ಸಾಕ್ಷಿಯಾದವನು ಉತ್ತರ ಕೊಡುವುದು ಸರಿಯಲ್ಲವೆಂದು ಕಾರಣ ಕೊಟ್ಟಿದ್ದರು. ಕಾರಣ ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಂಶಯ ಬಂತು. ಹೆದ್ದಾರಿಯ ಬದಿ ಪೈಪು ಹೂಳಿಸುತ್ತಾ ನಿಂತಾಗ, ನಿಧಾನವಾದ ಪ್ರತಿ ಲಾರಿಯನ್ನೂ ತಿರುಗಿ ನೋಡುತ್ತಿದ್ದೆ.

ಪಂಚನಾಮೆಯ ಪ್ರತಿ ಹಿಡಿದು ಅವಳು ಮಾಹಿತಿ ಆಯೋಗದವರೆಗೂ ಹೋದಳು. ವಿಚಾರಣೆಗೆ ನನ್ನನ್ನೂ ಕರೆದಿದ್ದರು. ಕಂಪನಿಯ ವಕೀಲರು ಖಾಸಗಿ, ಖಾಸಗಿ ಎಂದು ಬಹಳ ಸಲ ಹೇಳಿದರು. ಆಯುಕ್ತರು ಕೇಳಿದ್ದು ಒಂದೇ ಪ್ರಶ್ನೆ. “ನೀವು ಈ ಕೆಲಸ ಬಿಟ್ಟು ಹೋದರೆ ಆ ಹಳ್ಳಿಗಳಿಗೆ ನೀರು ಕೊಡಬೇಕಾದವರು ಯಾರು?” ವಕೀಲರು ಸರ್ಕಾರ ಎಂದರು. “ಹಾಗಾದರೆ ನೀವು ಮಾಡುತ್ತಿರುವುದು ಯಾರ ಕೆಲಸ?”

ಆದೇಶ ಬರಲು ಮತ್ತೆ ತಿಂಗಳುಗಳು ಹಿಡಿದವು. ಆ ಘಟಕಕ್ಕೆ ಸಂಬಂಧಿಸಿದ ಎಲ್ಲ ವಿವರಗಳನ್ನು ಕಂಪನಿಯಿಂದ ಪಡೆದು ಕೊಡುವುದು ಇಲಾಖೆಯ ಹೊಣೆ, ಇನ್ನು ಮುಂದೆ ಗುತ್ತಿಗೆಯ ಕರಾರಿನಲ್ಲೇ ಅದಕ್ಕೆ ಷರತ್ತು ಇರಬೇಕು, ಕೇಳಿದವರಿಗೆ ಉತ್ತರ ಕೊಡುವವರ ಹೆಸರನ್ನು ಕಂಪನಿ ಗೇಟಿನ ಮೇಲೆ ಬರೆಸಬೇಕು ಎಂದಿತ್ತು. ಕಂಪನಿ ನ್ಯಾಯಾಲಯಕ್ಕೆ ಹೋಗುತ್ತದೆಂದು ಎಲ್ಲರೂ ಹೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ.

ಹೋಗಲಿಲ್ಲ. ಒಂದು ಸಂಜೆ ಆಪರೇಟರ್ ಮತ್ತು ಅವನ ಹೆಂಡತಿ ಬೈಲಹೊಂಗಲದ ನಮ್ಮ ಮನೆಗೇ ಬಂದರು. ಅವನು ಮೆಟ್ಟಿಲು ಹತ್ತಿ ಬಂದು ಸ್ವಲ್ಪ ಹೊತ್ತು ಮಾತಾಡದೆ ಕುಂತ, ಉಸಿರು ಮೊದಲಿನಂತಾಗುವವರೆಗೆ. ಅವಳು ಕಂಪನಿಯ ಉತ್ತರ ತೋರಿಸಿದಳು. ಆ ದಿನ ಬೆಳಿಗ್ಗೆ ಸಿಲಿಂಡರಿನ ವಾಲ್ವಿನಿಂದ ಅನಿಲ ಸೋರಿಕೆಯಾಗಿತ್ತು, ಆಪರೇಟರ್ ಕರ್ತವ್ಯದ ಮೇಲಿದ್ದ ಎಂದಿತ್ತು. ಅಷ್ಟೇ.

“ಗೇಟಿಗೆ ಬೋರ್ಡ್ ಹಾಕ್ಯಾರ್ರಿ,” ಎಂದ ಅವನು. “ಹುಣ್ಣಿಮಿಗೆ ಬಂದ ಮಂದಿ ಅದಕ್ಕೂ ಭಂಡಾರ ಹಚ್ಚಿ ಹೋಗ್ಯಾರ. ಹೆಸರs ಕಾಣವಲ್ದು.”

ಅವಳು ಗಂಡನ ಕಡೆ ನೋಡಿದಳು. “ಒರಸಿ ಬಂದೇನ್ರಿ.”

ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಮಲಗಿದೆ.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಅಡುಗೆಮನೆಯಲ್ಲಿ ಕೊಡಗಳು ಖಾಲಿ ಇದ್ದವು. “ನಳಾ ಬಂದು ಹೋತ್ರಿ,” ಎಂದಳು ಹೆಂಡತಿ. “ದಿನಾ ನೀವs ಏಳತೀರಿ ಅಂತ ನಾನೂ ಮಲಗಿಬಿಟ್ಟೆ. ಬಚ್ಚಲಾ ತಿಕ್ಕಾಕ ನೀರಿಲ್ಲ ಈಗ, ಪೌಡರ್ ಹಾಕಿ ಬಿಟ್ಟೇನಿ.” ಹೇಳಿದ ಮೇಲೆ ತಪ್ಪು ಮಾಡಿದವಳಂತೆ ನನ್ನ ಮುಖ ನೋಡಿದಳು.

ಆಗಲೇ ವಾಸನೆ ಮೂಗಿಗೆ ಬಂತು. ನಾನು ಕಿಟಕಿ ತೆರೆಯಲು ಏಳಲಿಲ್ಲ. ಪಕ್ಕದ ಮನೆಯಿಂದ ಅರ್ಧ ಬಕೆಟ್ ನೀರು ಇಸಿದುಕೊಂಡು ಸ್ನಾನ ಮಾಡಿ, ಮೊದಲು ಬಂದ ಬಸ್ಸು ಹತ್ತಿದೆ.